ಇಪ್ಪತ್ತೇಳು ಪುಟ, ಮೂವತ್ತೆರಡು ಕೋಣೆ

ಇದ್ದ ಜಾಗ ಹದಿನಾಲ್ಕು ಬೈಟ್; ಬೇಕಾಗಿದ್ದದ್ದು ಹದಿನೇಳು. ಸೋಮವಾರ ಸಂಜೆ ಸೊಸೆ ಮುಖ ಊದಿಸಿಕೊಂಡು ಮನೆಗೆ ಬಂದದ್ದಕ್ಕೆ ಕಾರಣ ಇಷ್ಟೇ. ಚೀಲವನ್ನು ಕುರ್ಚಿಗೆ ಎಸೆದು, ಕೈಕಾಲು ಕೂಡ ತೊಳೆಯದೆ, ಊಟದ ಮೇಜಿನ ಮೇಲೆ ಮೊಣಕೈ ಊರಿ ಕುಳಿತುಬಿಟ್ಟಳು.

ಎದುರಿಗೆ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರನ್ನು ಬೀದಿಯವರೆಲ್ಲ ಇವತ್ತಿಗೂ ಕರೆಯುವುದು ಲೆಕ್ಕದ ಮೇಡಂ ಎಂದೇ. ಪತ್ರಿಕೆಯಲ್ಲಿ ಬಂದ ಶೇಕಡಾವಾರು ಅಂಕಿಗಳು ಕೂಡಿ ನೂರಾಗದಿದ್ದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಸಂಪಾದಕರಿಗೆ ಕಾರ್ಡು ಬರೆಯುವ ಹೆಂಗಸು. ತಾವು ಲೆಕ್ಕ ತಪ್ಪಿದ್ದನ್ನು ಯಾರೂ ನೋಡಿಲ್ಲ ಎಂಬ ಹೆಮ್ಮೆ ಅವರಿಗಿತ್ತು. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ.

"ಏನಾಯ್ತೇ? ಬಾಸ್ ಬೈದ್ರಾ?"

"ಬೈದಿದ್ರೆ ಪರವಾಗಿರ್ಲಿಲ್ಲ ಅತ್ತೆ. ಬುಧವಾರ ಹನ್ನೆರಡು ಗಂಟೆಗೆ ಮೀಟಿಂಗ್. ಅಷ್ಟರೊಳಗೆ ಮೂರು ಬೈಟ್ ಜಾಗ ಹುಡುಕದೇ ಇದ್ರೆ ನನ್ನ ಪೆಟ್ಟಿಗೆ ಕಥೆ ಮುಗೀತು. ಹಳೇ ಮಾಡೆಲ್ಲೇ ಮಾಡ್ತಾರಂತೆ."

ಪೆಟ್ಟಿಗೆ ಎಂದರೆ ಅಂಗೈಯಗಲದ ಒಂದು ಯಂತ್ರ. ಔಷಧಿಯನ್ನು ತಣ್ಣಗಿಟ್ಟು ಸಾಗಿಸುವ ಡಬ್ಬಗಳೊಳಗೆ ಕುಳಿತು ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದಿಡುವುದು ಅದರ ಕೆಲಸ. ಸೊಸೆ ಆ ಕಾರ್ಖಾನೆಯಲ್ಲಿ ಆರು ವರ್ಷದಿಂದ ಬೇರೆಯವರು ರಚಿಸಿದ ಯಂತ್ರಗಳ ತೇಪೆ ಕೆಲಸ ಮಾಡಿಕೊಂಡಿದ್ದವಳು. ಮೊದಲ ತಿರುಪಿನಿಂದ ಕೊನೆಯ ಸಾಲಿನವರೆಗೆ ಅವಳೇ ರಚಿಸಿದ ಮೊದಲ ಯಂತ್ರ ಇದು. ಅದರ ಚಿಪ್ ಕೂರಿಸಿದ ಬೋರ್ಡುಗಳು ಆಗಲೇ ಅಚ್ಚಾಗಿ ಬಂದಿದ್ದವು, ನಾನೂರು. ಈಗ ಚಿಪ್ ಬದಲಿಸುವ ಮಾತೇ ಇರಲಿಲ್ಲ.

ಲಿಫ್ಟ್ ರಿಪೇರಿ ಮಾಡುವ ಮಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. "ಸಿಂಪಲ್ ಅಲ್ವೇನೇ? ಹದಿನಾಲ್ಕು ಜನರ ಲಿಫ್ಟಿಗೆ ಹದಿನೇಳು ಜನ ಹತ್ತಿದ್ರೆ ಗಂಟೆ ಹೊಡ್ಕೊಳ್ಳುತ್ತೆ. ಮೂರು ಜನ ಇಳೀಬೇಕು."

"ಯಾರನ್ನ ಇಳಿಸ್ಲಿ, ನೀವೇ ಹೇಳಿ. ಗಾಯದ ಮೇಲೆ ಉಪ್ಪು ಸವರೋಕೆ ಬಂದ್ರು."

"ನೀನು ಹೋಗಿ ಟೀ ಇಡೋ," ಎಂದು ಮಗನನ್ನು ಅಟ್ಟಿದ ಮೇಡಂ ಬಟಾಣಿಯ ಬುಟ್ಟಿಯನ್ನು ಬದಿಗೆ ಸರಿಸಿದರು. "ನನಗೆ ಅರ್ಥ ಆಗೋ ಹಾಗೆ ಹೇಳು. ಮೊದಲಿಂದ."

ಸೊಸೆ ಹೇಳಿದಳು. ಯಂತ್ರದ ನೆನಪಿನ ಚಿಪ್‌ನಲ್ಲಿ ಮೂವತ್ತೆರಡು ಕೋಣೆಗಳಿವೆ. ಅವರ ಭಾಷೆಯಲ್ಲಿ ಸೆಕ್ಟರ್. ಯಂತ್ರ ಬರೆಯುವ ಪುಟಗಳು ಇಪ್ಪತ್ತೇಳು. ಒಂದೊಂದು ಕೋಣೆಯಲ್ಲಿ ಒಂದು ಪುಟ. ಐದು ಕೋಣೆ ಯಾವಾಗಲೂ ಖಾಲಿ. ಕಾಗದವನ್ನು ರಬ್ಬರಿನಿಂದ ಒಂದೇ ಕಡೆ ಉಜ್ಜಿದರೆ ತೂತು ಬೀಳುವಂತೆ, ಒಂದೇ ಕೋಣೆಯನ್ನು ಮತ್ತೆ ಮತ್ತೆ ಅಳಿಸಿ ಬರೆದರೆ ಅದು ಸವೆದು ಹೋಗುತ್ತದೆ. ಹಾಗಾಗಿ ಪುಟವನ್ನು ತಿದ್ದುವಾಗಲೆಲ್ಲ ಖಾಲಿ ಇರುವ ಬೇರೆ ಕೋಣೆಗೆ ಸಾಗಿಸಬೇಕು. ಏಳನೇ ಪುಟ ಇವತ್ತು ಮೂರನೇ ಕೋಣೆಯಲ್ಲಿದ್ದರೆ ನಾಳೆ ಮೂವತ್ತರಲ್ಲಿ. ಯಾವ ಪುಟ ಎಲ್ಲಿದೆ ಎಂಬ ಪಟ್ಟಿಯನ್ನು ಬ್ಯಾಟರಿ ಬಿಚ್ಚಿದರೂ ಅಳಿಯದ ಒಂದು ಪುಟ್ಟ ಜಾಗದಲ್ಲಿ ಇಡಬೇಕು. ಪುಟಗಳು ಅಂಚಿನವರೆಗೂ ತುಂಬಿರುವುದರಿಂದ ಅವುಗಳ ತಲೆಯ ಮೇಲೆ ನಂಬರು ಬರೆಯಲು ಜಾಗವಿಲ್ಲ. ಪಟ್ಟಿ ಹೋದರೆ ಎಲ್ಲವೂ ಹೋದಂತೆ.

"ಪಟ್ಟಿಗೆ ಸಿಕ್ಕಿರೋದು ಹದಿನಾಲ್ಕು ಬೈಟ್. ಒಂದು ಬೈಟ್ ಅಂದ್ರೆ ಎಂಟು ಸ್ವಿಚ್, ಒಂದೊಂದೂ ಆನ್ ಇಲ್ಲಾ ಆಫ್. ಒಟ್ಟು ನೂರಹನ್ನೆರಡು ಸ್ವಿಚ್. ಒಂದೊಂದು ಪುಟಕ್ಕೆ ಮೂವತ್ತೆರಡರಲ್ಲಿ ಒಂದು ಕೋಣೆ ತೋರಿಸೋಕೆ ಐದು ಸ್ವಿಚ್ ಬೇಕು. ಇಪ್ಪತ್ತೇಳೈದಲೆ..."

"ನೂರಮೂವತ್ತೈದು," ಎಂದರು ಮೇಡಂ. "ಅಂದ್ರೆ ಹದಿನೇಳು ಬೈಟ್. ಸರಿ. ಒಂದು ಕೇಳ್ತೀನಿ. ಎರಡು ಪುಟ ಒಂದೇ ಕೋಣೇಲಿ ಯಾವತ್ತಾದ್ರೂ ಕೂರುತ್ವಾ?"

"ಇಲ್ಲ."

"ಮತ್ತೆ ಮೊದಲನೇ ಪುಟ ಒಂದು ಕೋಣೆ ಹಿಡಿದ ಮೇಲೂ ಎರಡನೇದಕ್ಕೆ ಮೂವತ್ತೆರಡು ಕೋಣೆ ಯಾಕೆ ಕೊಡ್ತೀಯ? ಅದಕ್ಕೆ ಉಳಿದಿರೋದು ಮೂವತ್ತೊಂದೇ. ಮೂರನೇದಕ್ಕೆ ಮೂವತ್ತು. ಆಗೋಕೆ ಸಾಧ್ಯವೇ ಇಲ್ಲದ ಜೋಡಣೆಗೂ ನೀನು ಜಾಗ ಕಾದಿರಿಸಿದ್ದೀಯ. ಎಷ್ಟು ಜೋಡಣೆ ನಿಜವಾಗ್ಲೂ ಸಾಧ್ಯ ಅಂತ ಎಣಿಸಿದ್ದೀಯಾ?"

ಸೊಸೆ ಬುಟ್ಟಿಯಿಂದ ಒಂದು ಬಟಾಣಿ ಎತ್ತಿ ಬೆರಳ ನಡುವೆ ಉರುಳಿಸಿದಳು.

"ಎಣಿಸಿಲ್ಲ," ಎಂದರು ಮೇಡಂ, ಉತ್ತರಪತ್ರಿಕೆಗೆ ಸೊನ್ನೆ ಹಾಕುವ ದನಿಯಲ್ಲಿ. "ನಾನು ಎಣಿಸ್ತೀನಿ."

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಕೂತವರು ಸಂಜೆ ನಾಲ್ಕರವರೆಗೆ ಏಳಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸುವುದಕ್ಕೂ ಇದಕ್ಕೂ ಅವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಪುಟವೆಂದರೆ ವಿದ್ಯಾರ್ಥಿ, ಕೋಣೆಯೆಂದರೆ ಡೆಸ್ಕು. ಇಪ್ಪತ್ತೆರಡು ವರ್ಷ ಪರೀಕ್ಷಾ ಮೇಲ್ವಿಚಾರಕಿಯಾಗಿ ಅವರು ಮಾಡಿದ್ದು ಇದನ್ನೇ. ಮೂವತ್ತೆರಡನ್ನು ಮೂವತ್ತೊಂದರಿಂದ ಗುಣಿಸಿದರು, ಬಂದದ್ದನ್ನು ಮೂವತ್ತರಿಂದ, ಅದನ್ನು ಇಪ್ಪತ್ತೊಂಬತ್ತರಿಂದ. ಸಾಲುಗಳು ಉದ್ದವಾಗುತ್ತ ಹೋಗಿ ಲೆಕ್ಕದ ಪುಸ್ತಕವನ್ನು ಅಡ್ಡ ತಿರುಗಿಸಬೇಕಾಯಿತು. ಪ್ರತಿ ಗುಣಾಕಾರವನ್ನೂ ಎರಡೆರಡು ಸಲ ತಾಳೆ ನೋಡಿದರು. ಆಮೇಲೆ ಇನ್ನೊಂದು ಹಾಳೆಯಲ್ಲಿ ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತ ಇಳಿದರು. ಒಂದು ಸ್ವಿಚ್ ಹೆಚ್ಚಿದರೆ ತೋರಿಸಬಹುದಾದ ಸಂಖ್ಯೆ ಇಮ್ಮಡಿಯಾಗುತ್ತದೆ. ಇಮ್ಮಡಿಗಳ ಸಾಲು ಎಲ್ಲಿ ಆ ದೊಡ್ಡ ಗುಣಲಬ್ಧವನ್ನು ದಾಟುತ್ತದೋ ಅಷ್ಟು ಸ್ವಿಚ್ ಸಾಕು.

ದಾಟಿದ್ದು ನೂರಹದಿನೆಂಟನೆಯ ಸಾಲಿನಲ್ಲಿ. ಎಂಟರಿಂದ ಭಾಗಿಸಿ ನೋಡಿದರು. ಹೇಗೆ ಭಾಗಿಸಿದರೂ ಅದು ಹದಿನೈದು ಬೈಟ್.

ಸೊಸೆ ಬಂದವಳು ಕಂಪ್ಯೂಟರ್ ತೆರೆದಳು. "ಎಲ್ಲಿಂದ ಎಲ್ಲಿವರೆಗೆ ಗುಣಿಸಿದ್ರಿ?"

"ಮೂವತ್ತೆರಡರಿಂದ ಒಂದರವರೆಗೆ."

ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು. ಸೊಸೆ ಓದುತ್ತ ಹೋದಳು: ಎರಡು ಆರು ಮೂರು, ಒಂದು ಮೂರು ಸೊನ್ನೆ... ಮೇಡಂ ಬೆರಳಿಟ್ಟು ತಮ್ಮ ಸಾಲಿನ ಮೇಲೆ ಸರಿಯುತ್ತ ಬಂದರು. ಮೂವತ್ತಾರು ಅಂಕಿ, ಕೊನೆಗೆ ಏಳು ಸೊನ್ನೆ. ಒಂದೂ ತಪ್ಪಿರಲಿಲ್ಲ.

"ಅಮ್ಮ, ನಿನ್ನನ್ನ ಚಾರ್ಜ್‌ಗೆ ಹಾಕೋದು ಎಲ್ಲಿ?" ಎಂದ ಮಗ.

"ಹದಿನೇಳರಿಂದ ಹದಿನೈದಕ್ಕೆ ಇಳಿಸಿದ್ರಿ ಅತ್ತೆ. ಅದೇನು ಕಮ್ಮಿನಾ?" ಎಂದಳು ಸೊಸೆ. ದನಿಯಲ್ಲಿ ಮಾತ್ರ ಜೀವವಿರಲಿಲ್ಲ. ಹದಿನಾಲ್ಕರ ಜಾಗದಲ್ಲಿ ಹದಿನೈದು ಕೂಡ ಹಿಡಿಸುವುದಿಲ್ಲ.

ಬುಧವಾರ ಸೊಸೆ ಎಂಟಕ್ಕೇ ಹೊರಟಳು. ಮೇಡಂ ತಿಂಡಿ ತಟ್ಟೆ ಎತ್ತಿಟ್ಟು, ಮತ್ತೆ ಆ ಪುಸ್ತಕವನ್ನು ಎದುರಿಗೆ ಇಟ್ಟುಕೊಂಡರು. ಉತ್ತರ ಸರಿ ಇದ್ದರೂ ಲೆಕ್ಕ ತಪ್ಪಿರಬಹುದು ಎಂಬುದು ಮೂವತ್ತನಾಲ್ಕು ವರ್ಷ ಪತ್ರಿಕೆ ತಿದ್ದಿದವರಿಗೆ ಗೊತ್ತಿರುವ ಸಂಗತಿ. ಅನುಮಾನ ಬಂದ ಪತ್ರಿಕೆಯನ್ನು ಅವರು ತಿದ್ದುತ್ತಿದ್ದ ಕ್ರಮವೇ ಬೇರೆ: ಉತ್ತರದ ಮೇಲೆ ಅಂಗೈ ಮುಚ್ಚಿ, ಹಂತಗಳನ್ನು ಮಾತ್ರ ಓದುವುದು, ಒಂದೊಂದು ಹಂತದಲ್ಲೂ "ಯಾಕೆ?" ಎಂದು ಕೇಳುವುದು. ಅದೇ ಕ್ರಮದಲ್ಲಿ, ಕೆಂಪು ಪೆನ್ನು ಹಿಡಿದು, ತಮ್ಮದೇ ಪತ್ರಿಕೆ ತಿದ್ದಲು ಕುಳಿತರು.

ಮೂವತ್ತೆರಡು ಯಾಕೆ? ಮೊದಲನೇ ವಿದ್ಯಾರ್ಥಿಗೆ. ಮೂವತ್ತೊಂದು ಯಾಕೆ? ಎರಡನೆಯವನಿಗೆ. ಹಾಗೆ ಇಳಿಯುತ್ತ, ಆರು ಯಾಕೆ? ಇಪ್ಪತ್ತೇಳನೆಯವನಿಗೆ, ಉಳಿದ ಆರು ಡೆಸ್ಕಿನಲ್ಲಿ ಒಂದು. ಐದು ಯಾಕೆ?

ಪೆನ್ನು ನಿಂತಿತು. ಐದು ಯಾರಿಗೆ? ಇಪ್ಪತ್ತೆಂಟನೇ ವಿದ್ಯಾರ್ಥಿ ಎಲ್ಲಿದ್ದಾನೆ?

ಮೇಲ್ವಿಚಾರಕಿಯಾಗಿ ಅವರಿಗೊಂದು ಕಟ್ಟುನಿಟ್ಟಿತ್ತು. ಕೊಠಡಿಯ ಯಾವ ಡೆಸ್ಕೂ ಚೀಟಿ ಇಲ್ಲದೆ ಇರಕೂಡದು. ಖಾಲಿ ಡೆಸ್ಕಿಗೂ ಖಾಲಿ-ಒಂದು, ಖಾಲಿ-ಎರಡು ಎಂದು ನಂಬರು ಹಾಕಿದ ಚೀಟಿ ಅಂಟಿಸುತ್ತಿದ್ದರು, ಯಾರೂ ಎದ್ದು ಜಾಗ ಬದಲಿಸದಿರಲಿ ಎಂದು. ನಿನ್ನೆ ಕೈ ತನ್ನಷ್ಟಕ್ಕೆ ಅದನ್ನೇ ಮಾಡಿತ್ತು. ಐದು ಖಾಲಿ ಕೋಣೆಗಳಿಗೂ ಚೀಟಿ ಅಂಟಿಸಿ, ಯಾವ ಖಾಲಿ ಯಾವ ಡೆಸ್ಕಿನಲ್ಲಿದೆ ಎಂಬುದನ್ನೂ ಬೇರೆ ಬೇರೆ ಜೋಡಣೆ ಎಂದು ಎಣಿಸಿತ್ತು. ಖಾಲಿಗೂ ಖಾಲಿಗೂ ಏನು ವ್ಯತ್ಯಾಸ? ಒಂದೇ ಜೋಡಣೆಯನ್ನು ಅವರು ಐದು, ನಾಲ್ಕು, ಮೂರು, ಎರಡು ಗುಣಿಸಿದಷ್ಟು, ಅಂದರೆ ನೂರಿಪ್ಪತ್ತು ಸಲ ಎಣಿಸಿದ್ದರು!

ದೊಡ್ಡ ಸಂಖ್ಯೆಯನ್ನು ನೂರಿಪ್ಪತ್ತರಿಂದ ಭಾಗಿಸಿದರು. ಮೂವತ್ತಾರು ಅಂಕಿ ಮೂವತ್ತನಾಲ್ಕಕ್ಕೆ ಇಳಿಯಿತು. ಇಮ್ಮಡಿಗಳ ಹಾಳೆಯಲ್ಲಿ ಬೆರಳು ಮೇಲಕ್ಕೆ ಹತ್ತಿತು: ನೂರಹದಿನೈದು, ನೂರಹದಿಮೂರು, ನೂರಹನ್ನೆರಡು... ನೂರಹನ್ನೊಂದು. ಅಲ್ಲಿ ನಿಂತಿತು. ನೂರಹನ್ನೊಂದು ಸ್ವಿಚ್ ಸಾಕು. ಹದಿನಾಲ್ಕು ಬೈಟಿನಲ್ಲಿ ಹಿಡಿಸಿ, ಒಂದು ಸ್ವಿಚ್ ಮಿಗುತ್ತದೆ.

ಕುಣಿಯುವ ಮೊದಲು ಅವರು ಒಂದು ಕೆಲಸ ಮಾಡಿದರು. ಮಂಗಳವಾರದ ಲೆಕ್ಕದ ಐದು ಕೊನೆಯ ಹಂತಗಳ ಮೇಲೆ ಉದ್ದಕ್ಕೂ ಕೆಂಪು ಗೀಟು ಎಳೆದು, ಬದಿಯಲ್ಲಿ ಬರೆದರು: "ಗುಣಾಕಾರ ಸರಿ. ಪ್ರಶ್ನೆ ಓದಿಲ್ಲ. ಹತ್ತಕ್ಕೆ ಐದು." ತಾವು ಕೊಟ್ಟ ಅಂಕಗಳಲ್ಲೆಲ್ಲ ಇದು ಅತ್ಯಂತ ನ್ಯಾಯವಾದದ್ದು ಎಂದು ಅವರಿಗೆ ಅನಿಸಿತು.

ಗಂಟೆ ಹತ್ತೂಕಾಲು. ಕರೆ ಮಾಡಿದರೆ ಸೊಸೆಯ ಫೋನು ಬಡಿದುಕೊಂಡು ಸುಮ್ಮನಾಯಿತು. ಪ್ರಯೋಗಾಲಯದೊಳಗೆ ಫೋನು ಒಯ್ಯುವಂತಿಲ್ಲ. ಮೇಡಂ ಚಪ್ಪಲಿ ಮೆಟ್ಟಿ, ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹಿಡಿದರು.

ಕಾರ್ಖಾನೆಯ ಕಾವಲುಗಾರ ಮೇಲಿಂದ ಕೆಳಗೆ ನೋಡಿದ. "ಯಾರನ್ನ ಕಾಣ್ಬೇಕಮ್ಮ? ಅಪಾಯಿಂಟ್‌ಮೆಂಟ್ ಇದೆಯಾ?"

"ಇಲ್ಲ. ಲೆಕ್ಕ ಇದೆ."

ಅವನು ಏನೆಂದುಕೊಂಡನೋ, ಒಳಗೆ ಫೋನು ಮಾಡಿದ. ಸೊಸೆ ಮೆಟ್ಟಿಲು ಹಾರಿಕೊಂಡು ಬಂದಳು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಅವಳ ಭಯ. ಮೇಡಂ ಪುಸ್ತಕ ತೆರೆದು ಕೆಂಪು ಗೀಟನ್ನು ತೋರಿಸಿದರು. ಸೊಸೆ ನೋಡಿದಳು. ಗೀಟಿನ ಮೇಲೆ ಬೆರಳೋಡಿಸಿ, ನಡುದಾರಿಯಲ್ಲೇ ಅತ್ತೆಯನ್ನು ತಬ್ಬಿಕೊಂಡುಬಿಟ್ಟಳು.

"ಬಿಡೇ, ಜನ ನೋಡ್ತಿದ್ದಾರೆ."

"ನೋಡ್ಲಿ. ನಾನೂ ಕುರುಡಿ ಥರ ಒಂದರವರೆಗೂ ಗುಣಿಸಿದ್ನಲ್ಲ!"

ಮುಖ್ಯ ಎಂಜಿನಿಯರನ್ನು ಅಲ್ಲಿ ಎಲ್ಲರೂ ಬೆನ್ನ ಹಿಂದೆ ಕರೆಯುವುದು ಗರಗಸ ಎಂದು. ಮುಂದಿಟ್ಟದ್ದನ್ನೆಲ್ಲ ಕೊಯ್ಯುವ ಮನುಷ್ಯ. ಹನ್ನೆರಡಕ್ಕೆ ಸರಿಯಾಗಿ ಮೀಟಿಂಗ್ ಕೋಣೆಗೆ ಬಂದ ಅವರು, ಮೂಲೆಯಲ್ಲಿ ಕುಳಿತಿದ್ದ ಬಿಳಿಗೂದಲ ಹೆಂಗಸನ್ನು ಕಂಡು ಹುಬ್ಬೇರಿಸಿದರು. ಮೇಜಿನ ಸುತ್ತ ಇನ್ನೂ ಐವರು ಎಂಜಿನಿಯರುಗಳಿದ್ದರು.

"ಇವರು ನಮ್ಮತ್ತೆ ಸರ್. ಎಣಿಸಿದ್ದು ಇವರೇ."

"ಮನೆಮಂದೀನೆಲ್ಲ ಕರ್ಕೊಂಡು ಬಂದ್ರಾ? ಸರಿ, ಹೇಳಿ."

ಮೇಡಂ ಎದ್ದು ನಿಂತು ಹೇಳಿದರು, ಇಪ್ಪತ್ತೇಳು ವಿದ್ಯಾರ್ಥಿ, ಮೂವತ್ತೆರಡು ಡೆಸ್ಕು. ಆರು ನಿಮಿಷ ಹಿಡಿಯಿತು. ತಮ್ಮ ತಪ್ಪನ್ನೂ ಬಿಡದೆ ಹೇಳಿದರು. ಐವರಲ್ಲಿ ಇಬ್ಬರು ಬರೆದುಕೊಳ್ಳತೊಡಗಿದ್ದರು.

ಗರಗಸ ಕೊಯ್ಯಲು ಶುರು ಮಾಡಿದರು. "ಖಾಲಿ ಕೋಣೆಗಳ ಸರದಿ ಬೇಡ್ವಾ? ಮುಂದಿನ ಪುಟ ಯಾವ ಖಾಲಿಗೆ ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಸರದಿ ಬೇಡ ಸರ್," ಎಂದಳು ಸೊಸೆ. "ಕಣ್ಣು ಮುಚ್ಕೊಂಡು ಐದರಲ್ಲಿ ಒಂದನ್ನ ಎತ್ತಿದ್ರೆ ಸಾಕು. ದಿನ ಹೋದ ಹಾಗೆ ಸವೆತ ಹೆಚ್ಚೂ ಕಡಿಮೆ ಸಮ ಆಗುತ್ತೆ."

"ಹ್ಞೂಂ." ಅವರು ಮೇಡಂ ಕಡೆ ತಿರುಗಿದರು. "ಮೇಡಂ, ಎಷ್ಟು ಜೋಡಣೆ ಇದೆ ಅಂತ ಹೇಳಿದ್ರಿ, ಒಪ್ಪಿದೆ. ಅಷ್ಟಕ್ಕೂ ಜಾಗ ಇದೆ, ಅದೂ ಒಪ್ಪಿದೆ. ಆದ್ರೆ ಈಗ ಯಂತ್ರದಲ್ಲಿ ಇರೋದು ಅಷ್ಟು ಜೋಡಣೇಲಿ ಎಷ್ಟನೇದು? ಆ ನಂಬರು ಬರೆಯೋದು ಹೇಗೆ? ನಂಬರಿಂದ ವಾಪಸ್ ಪುಟ ಹುಡುಕೋದು ಹೇಗೆ? ಅಷ್ಟೂ ಜೋಡಣೆಗಳ ಪಟ್ಟಿ ಬರೆದಿಡ್ತೀರಾ? ಪ್ರಪಂಚದ ಕಾಗದ ಸಾಲಲ್ಲ."

ಮೇಡಂ ಪುಸ್ತಕದ ಹಾಳೆ ತಿರುವಿದರು. ಅವರು ಎಣಿಸಿದ್ದರು, ಅಷ್ಟೇ. ಎಷ್ಟು ಎಂದು ಗೊತ್ತಿತ್ತು. ಎಷ್ಟನೆಯದು ಎಂಬ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ಎಲ್ಲರ ಕಣ್ಣೂ ಅವರ ಮೇಲಿತ್ತು. ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ, ಮೂವತ್ತನಾಲ್ಕು ವರ್ಷದ ಮಾಸ್ತರಿಕೆಯಲ್ಲಿ ಮೊದಲ ಬಾರಿಗೆ, ಲೆಕ್ಕದ ಮೇಡಂ ತುಂಬಿದ ಕೋಣೆಯೆದುರು "ನನಗೆ ಗೊತ್ತಿಲ್ಲ" ಎಂದರು.

"ನನಗೆ ಗೊತ್ತು," ಎಂದಳು ಸೊಸೆ.

ಅವಳು ಎದ್ದು ಬೋರ್ಡಿನ ಬಳಿಗೆ ಹೋದಳು. ಮೂವತ್ತೆರಡರಿಂದ ಆರರವರೆಗಿನ ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದಳು.

"ಸರ್, ಒಂದು ಲಕ್ಷ ಸೆಕೆಂಡು ಅಂತ ಒಂದೇ ಸಂಖ್ಯೆ ಕೊಟ್ರೆ, ಅದನ್ನ ದಿನ, ಗಂಟೆ, ನಿಮಿಷ, ಸೆಕೆಂಡು ಅಂತ ಬಿಡಿಸ್ತೀರಲ್ಲ?"

ಒಂದು ದಿನ, ಮೂರು ಗಂಟೆ, ನಲವತ್ತಾರು ನಿಮಿಷ, ನಲವತ್ತು ಸೆಕೆಂಡು ಎಂದು ಮೇಡಂ ಮನಸ್ಸಿನಲ್ಲೇ ಬಿಡಿಸಿದರು.

"ಅಲ್ಲಿ ಅರವತ್ತು, ಅರವತ್ತು, ಇಪ್ಪತ್ತನಾಲ್ಕರಿಂದ ಭಾಗಿಸ್ತೀರಿ. ಇಲ್ಲಿ ಮೂವತ್ತೆರಡು, ಮೂವತ್ತೊಂದು, ಮೂವತ್ತು, ಹೀಗೇ ಆರರವರೆಗೆ. ಮೊದಲನೇ ಪುಟ ಮೂವತ್ತೆರಡು ಕೋಣೇಲಿ ಎಷ್ಟನೇದ್ರಲ್ಲಿದೆ? ಅದು ಮೊದಲನೇ ಅಂಕಿ. ಆ ಕೋಣೇನ ಲೆಕ್ಕದಿಂದ ತೆಗೆದುಬಿಡಿ. ಎರಡನೇ ಪುಟ ಉಳಿದ ಮೂವತ್ತೊಂದರಲ್ಲಿ ಎಷ್ಟನೇದ್ರಲ್ಲಿದೆ? ಎರಡನೇ ಅಂಕಿ. ಇಪ್ಪತ್ತೇಳು ಅಂಕಿ ಗುಣಿಸಿ ಕೂಡಿಸಿದ್ರೆ ಒಂದೇ ಸಂಖ್ಯೆ. ಅದನ್ನ ಇಪ್ಪತ್ತೇಳು ಸಲ ಭಾಗಿಸಿದ್ರೆ ಶೇಷದಲ್ಲಿ ಎಲ್ಲಾ ಪುಟ ವಾಪಸ್. ಯಾವ ಪಟ್ಟೀನೂ ಬೇಡ."

ಗರಗಸ ಬೋರ್ಡಿನ ಮೇಲಿದ್ದದ್ದನ್ನು ತಮ್ಮ ಹಾಳೆಗೆ ಬರೆದುಕೊಂಡರು. ಬಳಿಕ ಕೈಗಡಿಯಾರ ನೋಡಿದರು. "ಐದು ಗಂಟೆಗೆ ಬೆಂಚಿನ ಮೇಲೆ ತೋರಿಸಿ. ನಾನೇ ಬ್ಯಾಟರಿ ಕೀಳ್ತೀನಿ."

ಸೊಸೆ ಬರೆಯಲು ಕುಳಿತಳು. ಮೇಡಂ ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ನಾಲ್ಕು ಗಂಟೆ ಹೊತ್ತು ಅವರು ಆಡಿದ ಮಾತು ಎರಡೇ: "ನೀರು ಕುಡಿ" ಮತ್ತು "ಬೆನ್ನು ನೆಟ್ಟಗೆ ಮಾಡ್ಕೋ". ಪರದೆಯ ಮೇಲಿನ ಸಾಲುಗಳು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿರುವುದೂ ಒಂದು ಬಗೆಯ ಸುಖ ಎಂದು ಅವರಿಗೆ ಮೊದಲ ಬಾರಿಗೆ ತಿಳಿಯಿತು.

ಐದಕ್ಕೆ ಗರಗಸ ಬಂದರು, ಐವರೂ ಹಿಂದೆ ಬಂದರು. ಗರಗಸ ಪುಟಗಳನ್ನು ತಮಗೆ ಬೇಕಾದಂತೆ ಚೆಲ್ಲಾಪಿಲ್ಲಿ ಮಾಡಿಸಿ ಬ್ಯಾಟರಿ ಕಿತ್ತರು. ಹತ್ತರವರೆಗೆ ಎಣಿಸಿ ಮತ್ತೆ ಹಾಕಿದರು. ಪರದೆಯ ಮೇಲೆ ಪುಟಗಳು ಒಂದೊಂದಾಗಿ ಬಂದವು. ಒಂಬತ್ತನೆಯದು ತಪ್ಪು. ಅಲ್ಲಿಂದಾಚೆ ಎಲ್ಲವೂ ತಪ್ಪು.

"ಹ್ಞೂಂ," ಎಂದರು ಗರಗಸ.

ಮೇಡಂ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. ಸೊಸೆ ಯಾರ ಮುಖವನ್ನೂ ನೋಡದೆ ಪರದೆಗೆ ಬಗ್ಗಿದಳು. ತನ್ನ ಸಾಲುಗಳ ಮೇಲೆ ಬೆರಳಿಟ್ಟು, ಒಂದೊಂದರಲ್ಲೂ ನಿಂತು, ತುಟಿ ಅಲ್ಲಾಡಿಸುತ್ತ ಇಳಿದಳು. ನಾಲ್ಕು ನಿಮಿಷ. "ತೆಗೆದ ಕೋಣೆ ದಾಟುವಾಗ ಒಂದರಿಂದ ಎಣಿಸಿದ್ದೀನಿ. ಸೊನ್ನೆಯಿಂದ ಎಣಿಸ್ಬೇಕಿತ್ತು." ತಿದ್ದಿದಳು. "ಕೀಳಿ ಸರ್."

ಅವರು ಕಿತ್ತರು. ಇಪ್ಪತ್ತೇಳೂ ಪುಟ ತಮ್ಮ ತಮ್ಮ ಜಾಗದಿಂದ ಎದ್ದು ಬಂದವು. ಮತ್ತೆ ಕಲಸಿದರು, ಮತ್ತೆ ಕಿತ್ತರು. ಹತ್ತನೆಯ ಸಲಕ್ಕೆ ಕೋಟು ಬಿಚ್ಚಿದರು. ಮೂವತ್ತನೆಯ ಸಲಕ್ಕೆ ಕಿರಿಯ ಎಂಜಿನಿಯರಿಗೆ ಬ್ಯಾಟರಿ ಕೊಟ್ಟು ನೀನು ಕೀಳು ಎಂದರು, ತಮ್ಮ ಕೈಗುಣವೇನಾದರೂ ಇರಬಹುದು ಎಂಬಂತೆ. ಐವತ್ತಕ್ಕೆ ನಿಲ್ಲಿಸಿದರು. ಐವತ್ತರಲ್ಲಿ ಒಂದು ಪುಟವೂ ತಪ್ಪಿರಲಿಲ್ಲ.

ಗರಗಸ ರಚನೆಯ ಹಾಳೆಯನ್ನು ಬೆಂಚಿನ ಮೇಲೆ ಹರವಿ, ಒಪ್ಪಿಗೆಯ ಕಡೆ ಸಹಿ ಹಾಕಿದರು. ರಚಿಸಿದವರು ಎಂಬ ಚೌಕದಲ್ಲಿ ಸೊಸೆಯ ಪೂರ್ತಿ ಹೆಸರಿತ್ತು, ತಂದೆಯ ಇನಿಷಿಯಲ್ ಸಮೇತ. "ನಾಳೆಯಿಂದ ನಾನೂರೂ ಹೊರಡ್ಲಿ," ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು ಮೇಡಂ ಅವರನ್ನು ಕೇಳಿದರು, "ಇವರಿಗೆ ಶಾಲೇಲಿ ಗಣಿತ ಹೇಳಿಕೊಟ್ಟಿದ್ದು ನೀವೇನಾ?"

ಹೌದು ಎಂದುಬಿಡುವ ಆಸೆ ಮೇಡಂ ನಾಲಿಗೆಯ ತುದಿಗೆ ಬಂದಿತ್ತು. ಯಾರು ತಾನೇ ತಾಳೆ ನೋಡುತ್ತಿದ್ದರು?

"ಇಲ್ಲಪ್ಪ," ಎಂದರು, ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ. "ನಾನು ಬರೀ ಎಣಿಸಿದೆ. ಮಿಕ್ಕಿದ್ದೆಲ್ಲ ಅವಳದೇ. ನಾನು ಅವಳ ಅತ್ತೆ."